ಆಟದ ಹೆಲಿಕಾಪ್ಟರು ಹಟ ಹಿಡಿದಾಗ

ಹೊಲಿಗೆಯಂತ್ರದ ದಾರ ಏಕೆ ಕಡಿಯುತ್ತದೆ, ಮಿಕ್ಸರು ಏಕೆ ಮುನಿಯುತ್ತದೆ ಎಂಬಂಥ ವಿಷಯಗಳನ್ನು ಈ ಅಂಕಣದಲ್ಲಿ ನಾವು ಹಿಂದೆ ನೋಡಿದ್ದೇವೆ. ಈ ಸಲ ಮಕ್ಕಳ ಸರದಿ. ರಿಮೋಟಿನಿಂದ ಹಾರುವ ಪುಟ್ಟ ಹೆಲಿಕಾಪ್ಟರು ಡೊಂಬಿವಲಿಯಿಂದ ದಹಿಸರದವರೆಗೆ ನಮ್ಮವರ ಅನೇಕ ಮನೆಗಳನ್ನು ಹೊಕ್ಕಿದೆ. ಹುಟ್ಟುಹಬ್ಬಕ್ಕೆ ಬರುತ್ತದೆ, ಎರಡು ದಿನ ಹಾರುತ್ತದೆ, ಮೂರನೆಯ ದಿನ ಗಿರಗಿರನೆ ತಿರುಗಿ ಕಪಾಟಿಗೆ ಬಡಿಯುತ್ತದೆ, ನಾಲ್ಕನೆಯ ದಿನ ಅಟ್ಟ ಸೇರುತ್ತದೆ. “ಹಾಳು ಮಾಲು” ಎಂದು ತಂದೆ ಅಂಗಡಿಯವನನ್ನು ಬೈಯುತ್ತಾರೆ. “ನಿನಗೆ ಹಾರಿಸಲು ಬಾರದು” ಎಂದು ಅಣ್ಣ ತಮ್ಮನನ್ನು ಹಳಿಯುತ್ತಾನೆ. ಎರಡೂ ಅವಸರದ ತೀರ್ಪೇ. ತಪ್ಪಿನ ಮೂಲ ಹೆಚ್ಚಾಗಿ ಕಣ್ಣಿಗೆ ಕಾಣುವಂಥದು, ಹತ್ತು ನಿಮಿಷದಲ್ಲಿ ಸರಿಹೋಗುವಂಥದು.

ಮೊದಲಿಗೆ ಒಂದು ಮಾತು ತಿಳಿದಿರಲಿ. ವಿಮಾನವನ್ನು ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಟ್ಟರೂ ಅದು ನೆಟ್ಟಗೆ ಸಾಗೀತು. ಹೆಲಿಕಾಪ್ಟರು ಹಾಗಲ್ಲ, ಹುಟ್ಟಿನಿಂದಲೇ ಚಂಚಲ. ಮೇಲಿನ ರೆಕ್ಕೆ ಒಂದು ದಿಕ್ಕಿಗೆ ತಿರುಗಿದರೆ ಒಡಲು ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವುದಕ್ಕೇ ಬಾಲದಲ್ಲಿ ಚಿಕ್ಕ ರೆಕ್ಕೆ. ಮಕ್ಕಳ ಆಟಿಕೆಗಳಲ್ಲಿ ಬಹುತೇಕ ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳಿದ್ದು, ಎದುರುಬದುರಾಗಿ ತಿರುಗಿ ಒಂದನ್ನೊಂದು ಸರಿದೂಗಿಸುತ್ತವೆ. ಜರ್ಮನಿಯ ಡೀಟರ್ ಶ್ಲೂಟರ್ ಅವರು ರೇಡಿಯೋ ಹಿಡಿತದ ಮಾದರಿ ಹೆಲಿಕಾಪ್ಟರನ್ನು ಹದಕ್ಕೆ ತಂದದ್ದು 1960ರ ದಶಕದ ಕೊನೆಗೆ, ಮಾದರಿ ವಿಮಾನಗಳು ರೇಡಿಯೋ ಆಜ್ಞೆಗೆ ಹಾರತೊಡಗಿ ಎಷ್ಟೋ ವರ್ಷಗಳಾದ ಮೇಲೆ. ಅಷ್ಟು ಕಷ್ಟದ ಯಂತ್ರ ಇಂದು ಮಗುವಿನ ಅಂಗೈಯಲ್ಲಿದೆ.

ಹೆಲಿಕಾಪ್ಟರು ಒಂದು ಕಡೆ ಎಳೆದೊಡನೆ ನಮ್ಮ ಬೆರಳು ಹೋಗುವುದು ರಿಮೋಟಿನ ಟ್ರಿಮ್ ಗುಂಡಿಗೆ. ಅಲ್ಲೇ ಎಡವಟ್ಟು. ಸೋರುವ ಗೋಡೆಗೆ ಮಳೆಗಾಲಕ್ಕೆ ಮುಂಚೆ ಸುಣ್ಣ ಬಳಿದಂತೆ ಆಗುತ್ತದೆ ಅದು. ಕಲೆ ಮುಚ್ಚುತ್ತದೆ, ಸೋರುವುದು ನಿಲ್ಲುವುದಿಲ್ಲ. ಟ್ರಿಮ್ ಕೊನೆಯ ಮದ್ದು. ಅದಕ್ಕೆ ಮುಂಚೆ ಐದು ತಪಾಸಣೆಗಳನ್ನು ಕ್ರಮವಾಗಿ ಮುಗಿಸಬೇಕು.

ಒಂದನೆಯದು, ಜಾಗ. ಫ್ಯಾನು ನಿಲ್ಲಿಸಿ. ನೆಲಕ್ಕೆ ತೀರ ಹತ್ತಿರದಲ್ಲಿ ಹೆಲಿಕಾಪ್ಟರು ತನ್ನದೇ ಗಾಳಿ ನೆಲಕ್ಕೆ ಬಡಿದು ಮರಳುವುದರಿಂದ ತೂಗಾಡುತ್ತದೆ. ಗೋಡೆಯ ಪಕ್ಕದಲ್ಲೂ ಹಾಗೆಯೇ. ಕೋಣೆಯ ನಡುವೆ, ಎರಡು ಮೂರು ಅಡಿ ಎತ್ತರದಲ್ಲಿ ನೋಡಿ ತೀರ್ಮಾನಿಸಿ. ಅಗ್ಗದ ಆಟಿಕೆಗಳಲ್ಲಿ ಹಲವು, ಟಿ.ವಿ. ರಿಮೋಟಿನಂತೆ, ಅವಗೆಂಪು ಕಿರಣದ ಮೂಲಕ ಆಜ್ಞೆ ಪಡೆಯುತ್ತವೆ. ಬಿಸಿಲು ಬೀಳುವ ಕಿಟಕಿಯ ಬಳಿ ಅವಕ್ಕೆ ಆಜ್ಞೆ ಕೇಳಿಸದು. ಸಂಜೆ ಸರಿಯಾಗಿ ಹಾರಿ ಬೆಳಗ್ಗೆ ಮೊಂಡು ಮಾಡಿದರೆ ದೋಷ ಸೂರ್ಯನದು!

ಎರಡನೆಯದು, ಬ್ಯಾಟರಿ. ಇವುಗಳಲ್ಲಿರುವ ಲಿಥಿಯಂ ಬ್ಯಾಟರಿಯ ಒಂದು ಕೋಶ ತುಂಬಿದಾಗ 4.2 ವೋಲ್ಟು. ಇಳಿಯುತ್ತ ಬಂದಂತೆ ಮೋಟಾರು ಸೋಲುತ್ತದೆ, ಬಾಲ ಸೆಳೆಯುತ್ತದೆ. ತುಂಬಿದ ಬ್ಯಾಟರಿಯಲ್ಲಿ ಕಾಣದ ದೋಷ ಅರ್ಧ ಇಳಿದಾಗ ಕಂಡರೆ ಯಂತ್ರವನ್ನು ಬಿಚ್ಚುವ ಅಗತ್ಯವಿಲ್ಲ.

ಮೂರನೆಯದು, ರೆಕ್ಕೆ ಮತ್ತು ಅಚ್ಚು. ಬಡಿದು ಬಿದ್ದ ಮೇಲೆ ರೆಕ್ಕೆಯ ತುದಿ ಚೂರು ಸೀಳಿದರೂ, ಅಚ್ಚಿನ ಸರಳು ಕೂದಲೆಳೆಯಷ್ಟು ಬಾಗಿದರೂ ಇಡೀ ಯಂತ್ರ ನಡುಗುತ್ತದೆ. ರೆಕ್ಕೆಗಳನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿ. ಸರಳು ತೂಗಾಡಿದರೆ ಬದಲಿಸುವುದೊಂದೇ ದಾರಿ. ಮುಂಬಯಿಯ ಮನೆಗಳಲ್ಲಿ ಸಾಮಾನ್ಯವಾದ ಇನ್ನೊಂದು ಕಾರಣವೆಂದರೆ ಅಚ್ಚಿಗೆ ಸುತ್ತಿಕೊಂಡ ತಲೆಗೂದಲು. ಚಿಮುಟದಿಂದ ಅದನ್ನು ತೆಗೆದೊಡನೆ, ತಿರುಗಿ ತಿರುಗಿ ಬೀಳುತ್ತಿದ್ದ ಹೆಲಿಕಾಪ್ಟರು ನೆಟ್ಟಗೆ ನಿಲ್ಲುವುದುಂಟು. ಮುಂದೆ, ಎರಡು ರೆಕ್ಕೆಗಳ ತುದಿಗೆ ಬೇರೆ ಬೇರೆ ಬಣ್ಣದ, ಆದರೆ ಸಮತೂಕದ ಪಟ್ಟಿ ಅಂಟಿಸಿ, ಸಾಕಷ್ಟು ದೂರ ನಿಂತು ಪಕ್ಕದಿಂದ ನೋಡಿ. ಬಣ್ಣಗಳು ಒಂದೇ ಗೆರೆಯಲ್ಲಿ ಕಾಣಬೇಕು. ಒಂದು ಮೇಲೆ, ಒಂದು ಕೆಳಗೆ ಕಂಡರೆ ರೆಕ್ಕೆಗಳು ಸರಿಜೋಡಿಯಲ್ಲ. ದೊಡ್ಡ ಮಾದರಿಗಳಲ್ಲಿ ರೆಕ್ಕೆಗೆ ಜೋಡಿಸಿದ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿ ಹದಗೊಳಿಸಬಹುದು. ಚಿಕ್ಕವುಗಳಲ್ಲಿ ಹೊಸ ರೆಕ್ಕೆಯೇ ಗತಿ.

ನಾಲ್ಕನೆಯದು, ತೂಕ. ರೆಕ್ಕೆಯ ಬುಡವನ್ನು ಬೆರಳಲ್ಲಿ ಹಿಡಿದು ಹೆಲಿಕಾಪ್ಟರನ್ನು ತೂಗುಬಿಡಿ. ಮೂಗು ಕೆಳಗೆ ಬಾಗಿದರೆ ಮುಂದಕ್ಕೋಡುತ್ತದೆ, ಬಾಲ ಬಾಗಿದರೆ ಹಿಂದಕ್ಕೋಡುತ್ತದೆ. ಬ್ಯಾಟರಿಯನ್ನು ಎಳ್ಳಿನಷ್ಟು ಹಿಂದೆ ಮುಂದೆ ಸರಿಸಿದರೆ ಸಾಕು.

ಐದನೆಯದು, ಬಾಲ. ಅದನ್ನು ಕಾಯುವ ಜೈರೋ ಎಂಬ ಅಂಗಕ್ಕೆ, ಸ್ವಿಚ್ಚು ಹಾಕಿದೊಡನೆ ಒಂದೆರಡು ಸೆಕೆಂಡು ನಿಶ್ಚಲತೆ ಬೇಕು. ಕೈಯಲ್ಲಿ ಅಲುಗಾಡಿಸುತ್ತ ಹೊತ್ತಿಸಿದರೆ ಅದು ಅಲುಗಾಟವನ್ನೇ ನಿಶ್ಚಲವೆಂದು ತಿಳಿಯುತ್ತದೆ. ಹಾರುವಾಗ ಬಾಲ ನಾಯಿಯ ಬಾಲದಂತೆ ಬಿರುಸಾಗಿ ಅಲ್ಲಾಡಿದರೆ ಜೈರೋದ ಬಿಗಿ ಹೆಚ್ಚಾಗಿದೆ. ಮೆಲ್ಲಗೆ ಜಾರಿದರೆ ಕಡಿಮೆಯಾಗಿದೆ. ಆದರೆ ರೆಕ್ಕೆಯ ನಡುಕ ತೀರದೆ ಜೈರೋವನ್ನು ಮುಟ್ಟಬಾರದು. ಇನ್ನು ಬಾಲದ ರೆಕ್ಕೆಯುಳ್ಳ ಹೆಲಿಕಾಪ್ಟರು ನಿಂತು ಹಾರುವಾಗ ಸ್ವಲ್ಪ ಒಂದು ಪಕ್ಕಕ್ಕೆ ವಾಲಿರುವುದು ದೋಷವಲ್ಲ. ಬಾಲದ ರೆಕ್ಕೆ ಪಕ್ಕಕ್ಕೆ ತಳ್ಳುವುದನ್ನು ಆ ವಾಲುವಿಕೆಯೇ ಸರಿದೂಗಿಸುತ್ತದೆ.

ಈ ಐದೂ ಆದ ಮೇಲೆ ಉಳಿದ ಅಲ್ಪ ಎಳೆತಕ್ಕೆ ಟ್ರಿಮ್. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸಿ ಹಾರಿಸಿ, ಕಂಡದ್ದನ್ನು ಹಾಳೆಯಲ್ಲಿ ಬರೆದುಕೊಳ್ಳಲಿ. ಒಮ್ಮೆಗೇ ಮೂರನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಕಡತದಲ್ಲಿ ಟಿಪ್ಪಣಿ ಬರೆಯದೆ ಮೇಲಕ್ಕೆ ಕಳುಹಿಸಿದರೆ ಏನಾಗುತ್ತದೆಂದು ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ಗೊತ್ತು!

ತಾಯಂದಿರು ಗಮನಿಸಬೇಕಾದ ಮಾತೊಂದಿದೆ. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಅಥವಾ ಪೆಟ್ಟು ತಿಂದಿದ್ದರೆ ಮತ್ತೆ ಚಾರ್ಜು ಮಾಡಲೇಬಾರದು, ಬೆಂಕಿ ಹತ್ತಬಹುದು. ಒಂದೇ ಕೋಣೆಯಲ್ಲಿ ಹಾಸಿಗೆ, ಬಟ್ಟೆ, ಪುಸ್ತಕ ಎಲ್ಲವೂ ಇರುವ ನಮ್ಮ ಮನೆಗಳಲ್ಲಿ ಇದು ಆಟವಲ್ಲ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು ಬೇಡ. ಯಾರಾದರೂ ಎಚ್ಚರವಿರುವಾಗ, ಬರಿಯ ನೆಲಗಲ್ಲಿನ ಮೇಲಿಟ್ಟು ಮಾಡಲಿ. ತಿರುಗುವ ರೆಕ್ಕೆಯ ಮಟ್ಟಕ್ಕೆ ಎಳೆಯ ಮಕ್ಕಳ ಕಣ್ಣು ಬರದಿರಲಿ.

ಹೊರಗೆ ಹಾರಿಸುವ ಮಾತು ಬೇರೆ. 1928ರಲ್ಲಿ ಆರಂಭವಾದ ಜುಹು ವಿಮಾನ ನಿಲ್ದಾಣದಿಂದ ಇಂದಿಗೂ ನಿಜವಾದ ಹೆಲಿಕಾಪ್ಟರುಗಳು ಹಾರುತ್ತವೆ. ಪಕ್ಕದಲ್ಲೇ ದೊಡ್ಡ ವಿಮಾನ ನಿಲ್ದಾಣ. 2021ರ ಡ್ರೋನ್ ನಿಯಮಗಳ ಜೊತೆಗೆ, ರಿಮೋಟಿನ ಹಾರಾಟವನ್ನು ನಿಷೇಧಿಸುವ ಪೊಲೀಸ್ ಆಜ್ಞೆಗಳೂ ನಗರದಲ್ಲಿ ಆಗಾಗ ಹೊರಡುತ್ತವೆ. ಆದ್ದರಿಂದ ಇಲ್ಲಿ ಮನೆಯೊಳಗೇ ಆಡಲಿ. ಮೇ ತಿಂಗಳಲ್ಲಿ ಊರಿಗೆ ಹೋದಾಗ, ನಿಷೇಧವಿಲ್ಲದ ಕಡೆ, ಕೊಯ್ಲಾದ ಗದ್ದೆಯಲ್ಲಿ ಗಾಳಿ ಏಳುವ ಮುಂಚೆ, ಕಣ್ಣಿಗೆ ಕಾಣುವಷ್ಟೇ ದೂರ ಹಾರಿಸಲಿ.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರು ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ನಿಜವಾದ ಹೆಲಿಕಾಪ್ಟರುಗಳಿಗೂ ರೆಕ್ಕೆ ಒಂದೇ ಗೆರೆಯಲ್ಲಿ ತಿರುಗುವುದನ್ನು ನೋಡಲೇಬೇಕು. ಹಿಂದೆ ರೆಕ್ಕೆಯ ತುದಿಗೆ ಬಣ್ಣ ಬಳಿದು, ಅದು ಬಟ್ಟೆಯ ಪಟ್ಟಿಗೆ ತಗಲಿ ಮೂಡಿಸಿದ ಗುರುತು ನೋಡಿಯೇ ಹದಗೊಳಿಸುತ್ತಿದ್ದರು. ಹುಡುಗನೋ ಹುಡುಗಿಯೋ ಬಣ್ಣದ ಪಟ್ಟಿ ಅಂಟಿಸಿ ಕುಳಿತರೆ ಪಾಠ ಬಿಟ್ಟು ಆಟ ಆಡುತ್ತಿದ್ದಾರೆಂದು ಗದರಿಸಬೇಡಿ. ಆ ಹೊತ್ತಿಗೆ ನಡೆಯುತ್ತಿರುವುದು ಪಾಠವೇ.

ಮುಂದಿನ ಸಂಚಿಕೆಯಲ್ಲಿ: ಮಳೆಗಾಲದಲ್ಲಿ ಹಾರ್ಮೋನಿಯಮ್ಮಿನ ಮನೆಗಳು ಏಕೆ ಅಂಟಿಕೊಳ್ಳುತ್ತವೆ?