ಹತ್ತು ಗಂಟೆ ಬಾಳಿದ ಎಂಜಿನ್

ನ್ಯೂಟನ್ನನ ಮೂರನೆಯ ನಿಯಮದ ಪಾಠ ಬಂದಾಗಲೆಲ್ಲ ನಾನು ಬಲೂನು ಊದಿ ಕೈಬಿಡುತ್ತೇನೆ. ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ. ‘ಜೆಟ್ ವಿಮಾನವೂ ಹೀಗೆಯೇ’ ಎಂದು ಹೇಳಿ ಪಾಠ ಮುಗಿಸುವುದು ರೂಢಿ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಇಷ್ಟು ಸುಲಭವಾಗಿದ್ದರೆ ಮೊದಲೇ ಯಾಕೆ ಮಾಡಲಿಲ್ಲ ಸಾರ್?’ ಎಂದ. ಅವನ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಿಗುವುದು ಯುದ್ಧರಂಗಕ್ಕಿಳಿದ ಮೊದಲ ಜೆಟ್ ಯುದ್ಧವಿಮಾನದ ಕಥೆಯಲ್ಲಿ. ಅದು ಜರ್ಮನಿಯ ಮೆಸ್ಸರ್‌ಶ್ಮಿಟ್ 262.

ಎರಡನೆಯ ಮಹಾಯುದ್ಧದ ಹೊತ್ತಿಗೆ ಪ್ರೊಪೆಲ್ಲರ್ ವಿಮಾನಗಳು ಗಂಟೆಗೆ 700 ಕಿ.ಮೀ. ಆಸುಪಾಸಿನಲ್ಲಿ ಏದುಸಿರು ಬಿಡುತ್ತಿದ್ದವು. ಪ್ರೊಪೆಲ್ಲರ್ ಅಲಗಿನ ತುದಿ ಶಬ್ದದ ವೇಗಕ್ಕೆ ಹತ್ತಿರವಾದಂತೆ ಎಂಜಿನ್ನಿನ ಶಕ್ತಿ ಬಹುಪಾಲು ವ್ಯರ್ಥವಾಗುತ್ತದೆ. ಜೆಟ್ ಎಂಜಿನ್ನಿಗೆ ಈ ತೊಡಕಿಲ್ಲ. ಅದು ಗಾಳಿಯನ್ನು ಒಳಗೆಳೆದು, ಒತ್ತಿ, ಇಂಧನ ಉರಿಸಿ, ಕಾದ ಅನಿಲವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಹೊರಹೋಗುವ ಅನಿಲವೇ ದಾರಿಯಲ್ಲಿ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ. ಮುಂಭಾಗದಲ್ಲಿ ಗಾಳಿ ಒತ್ತುವ ಯಂತ್ರಕ್ಕೆ ಶಕ್ತಿ ಅದರಿಂದ. ಇಂಥ ಎರಡು ಎಂಜಿನ್ ಹೊತ್ತ 262ರ ವೇಗ ಗಂಟೆಗೆ ಸುಮಾರು 870 ಕಿ.ಮೀ. ಮೂಗಿನಲ್ಲಿ 30 ಮಿ.ಮೀ.ನ ನಾಲ್ಕು ಫಿರಂಗಿಗಳು.

ಮೊದಮೊದಲ ಮಾದರಿಗಳಿಗೆ ಹಳೆಯ ವಿಮಾನಗಳಂತೆ ಬಾಲದಡಿ ಚಕ್ರವಿತ್ತು. ಓಡುವಾಗ ಮೂಗು ಮೇಲೆ, ಬಾಲ ಕೆಳಗೆ. ರೆಕ್ಕೆಯ ಮರೆಗೆ ಬಿದ್ದ ಬಾಲಕ್ಕೆ ಗಾಳಿ ಸರಿಯಾಗಿ ತಗಲದೆ ಅದು ಏಳುತ್ತಲೇ ಇರಲಿಲ್ಲ. 1942ರ ಜುಲೈ 18ರಂದು ಲೈಪ್‌ಹೈಮ್‌ನಲ್ಲಿ ಪರೀಕ್ಷಾ ಚಾಲಕ ಫ್ರಿಟ್ಸ್ ವೆಂಡೆಲ್ ಗಂಟೆಗೆ 180 ಕಿ.ಮೀ. ವೇಗದಲ್ಲಿ ಓಡುತ್ತಿದ್ದಾಗಲೇ ಬ್ರೇಕನ್ನು ತುಸು ಒತ್ತಿದ! ಸೈಕಲ್ಲಿನ ಮುಂದಿನ ಬ್ರೇಕ್ ಗಕ್ಕನೆ ಹಿಡಿದರೆ ಹಿಂದಿನ ಚಕ್ರ ಏಳುತ್ತದಲ್ಲ, ಹಾಗೆ ಬಾಲ ಎದ್ದಿತು. ಬಾಲಕ್ಕೆ ಗಾಳಿ ಸಿಕ್ಕಿತು, ವಿಮಾನ ನೆಲ ಬಿಟ್ಟಿತು. (ಸೈಕಲ್ಲಿನ ಮೇಲೆ ಈ ಪ್ರಯೋಗ ದಯವಿಟ್ಟು ಬೇಡ.) ಮುಂದೆ ಮೂಗಿನಡಿಗೇ ಚಕ್ರ ಬಂತು.

ಇಂಥ ತೊಡಕುಗಳಿಗೆ ಜಾಣ್ಮೆಯೇ ಸಾಕಾಗಿತ್ತು. ಎಂಜಿನ್ನಿನ ತೊಡಕು ಬೇರೆ ಬಗೆಯದು. ಟರ್ಬೈನಿನ ಅಲಗುಗಳು ಕೆಂಡದಂತೆ ಕಾಯುತ್ತ ನಿಮಿಷಕ್ಕೆ 8,700 ಸುತ್ತು ತಿರುಗಬೇಕು. ಕಾದ ಲೋಹ ಮೆತ್ತಗಾಗುತ್ತದೆ, ತಿರುಗುವ ರಭಸ ಅದನ್ನು ಹೊರಕ್ಕೆ ಜಗ್ಗುತ್ತದೆ. ಇದನ್ನು ತಾಳಲು ನಿಕೆಲ್, ಕ್ರೋಮಿಯಂ ಬೆರೆತ ಮಿಶ್ರಲೋಹ ಬೇಕು. ಯುದ್ಧಕಾಲದ ಜರ್ಮನಿಯಲ್ಲಿ ಅವಕ್ಕೆ ತೀವ್ರ ಅಭಾವ. ಯೂಂಕರ್ಸ್ ಕಂಪನಿಯ ಎಂಜಿನಿಯರುಗಳು ಅಲಗುಗಳನ್ನು ಟೊಳ್ಳಾಗಿಸಿ ಒಳಗೆ ತಣ್ಣನೆಯ ಗಾಳಿ ಹಾಯಿಸಿದರು; ಉರಿಯುವ ಕೋಣೆಗಳಿಗೆ ಸಾಧಾರಣ ಉಕ್ಕು ಬಳಸಿ ಅಲ್ಯೂಮಿನಿಯಂ ಲೇಪ ಕೊಟ್ಟರು. ಬುದ್ಧಿವಂತಿಕೆ ಮೆಚ್ಚಬೇಕಾದ್ದೇ. ಆದರೂ ಎಂಜಿನ್ನಿನ ಆಯುಷ್ಯ ಕಾಗದದ ಮೇಲೆ 25 ಗಂಟೆ, ಎಷ್ಟೋ ಸಲ ಬಾಳಿದ್ದು ಹತ್ತೇ ಗಂಟೆ. ನಿಮ್ಮ ಎರಡು ದಿನದ ಶಾಲೆಯಷ್ಟು! ಥ್ರಾಟಲನ್ನು ಅವಸರದಿಂದ ತಳ್ಳಿದರೆ ಒಳಗಿನ ಉರಿಯೇ ಆರಿಹೋಗುತ್ತಿತ್ತು. ಇಳಿಯುವಾಗ ಥಟ್ಟನೆ ವೇಗ ಹೆಚ್ಚಿಸಲಾಗದ 262ಕ್ಕಾಗಿ ಶತ್ರು ವಿಮಾನಗಳು ನಿಲ್ದಾಣದ ಮೇಲೆಯೇ ಹೊಂಚುಹಾಕುತ್ತಿದ್ದವು.

ಇದನ್ನು ಬಾಂಬರ್ ಮಾಡಿ ಎಂದು ಹಿಟ್ಲರ್ ಹಟ ಹಿಡಿದದ್ದರಿಂದಲೇ ತಡವಾಯಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಹಟ ಹಿಡಿದದ್ದು ನಿಜ. ಆದರೆ ಎಂಜಿನ್ನುಗಳು ದೊಡ್ಡ ಸಂಖ್ಯೆಯಲ್ಲಿ ಹೊರಬರತೊಡಗಿದ್ದೇ 1944ರ ನಡುವಿನಲ್ಲಿ. ಅಲ್ಲಿಯವರೆಗೆ ಯಾರ ಆಜ್ಞೆಯಿಂದಲೂ ಏನೂ ಆಗುತ್ತಿರಲಿಲ್ಲ. ತಯಾರಾದದ್ದು 1,400ಕ್ಕೂ ಹೆಚ್ಚು ವಿಮಾನ. ಕಾದಾಟಕ್ಕಿಳಿದದ್ದು ಸುಮಾರು 300.

ಪೋಷಕರು ಮಕ್ಕಳಿಗೆ ಇನ್ನೊಂದು ಮಾತನ್ನೂ ತಿಳಿಸಬೇಕು. ಬಾಂಬ್ ದಾಳಿಗೆ ಹೆದರಿ ಆಸ್ಟ್ರಿಯದ ಗುಜೆನ್ ಯಾತನಾ ಶಿಬಿರದ ಬಳಿ ಸುರಂಗ ಕೊರೆಸಿ, ಅದರೊಳಗೆ ಈ ವಿಮಾನದ ಒಡಲನ್ನು ತಯಾರಿಸಿದರು. ಕೊರೆದವರೂ ತಯಾರಿಸಿದವರೂ ಶಿಬಿರದ ಕೈದಿಗಳು. ಸಾವಿರಾರು ಮಂದಿ ಅಲ್ಲೇ ಸತ್ತರು.

ಅಮೆರಿಕದ ಕೆಲವು ಉತ್ಸಾಹಿಗಳು 262ನ್ನು ಹೊಸದಾಗಿ ಕಟ್ಟಿ 2002ರಲ್ಲಿ ಹಾರಿಸಿದರು. ರೆಕ್ಕೆ, ಒಡಲು, ಬಾಲ ಎಲ್ಲವೂ ಹಳೆಯ ವಿನ್ಯಾಸದವೇ. ರೆಕ್ಕೆಯಡಿಯ ಕವಚವೂ ಹಳೆಯ ಆಕಾರದ್ದೇ. ಅದರೊಳಗೆ ಕೂರಿಸಿದ್ದು ಮಾತ್ರ ಜನರಲ್ ಎಲೆಕ್ಟ್ರಿಕ್ ಕಂಪನಿಯ, ನಂತರದ ಕಾಲದ ಎಂಜಿನ್.