ಶಬ್ದಗಳ ಹರಾಜು

ಅಂತರ್ಜಾಲದ ಸೇವೆಯೆಲ್ಲವೂ ನಮಗೆ ಧರ್ಮಾರ್ಥವಾಗಿ ದೊರೆಯುತ್ತಿದೆಯೆಂದೂ, ಕಂಪೆನಿಗಳು ಪರಸ್ಪರ ಪೈಪೋಟಿ ನಡೆಸುವುದರಿಂದ ಆ ಸೇವೆಯು ದಿನೇ ದಿನೇ ಉತ್ತಮವಾಗುತ್ತಿದೆಯೆಂದೂ ವಿದ್ಯಾವಂತರಾದ ಗೃಹಸ್ಥರೇ ಹೇಳುತ್ತಿರುವರು. ಈ ಮಾತಿನಲ್ಲಿ ಎರಡು ಪ್ರತಿಜ್ಞೆಗಳಿವೆ, ಎರಡಕ್ಕೂ ಹೇತುವಿಲ್ಲ. ಧರ್ಮಾರ್ಥವೆಂಬುದು ಸುಳ್ಳು. ಪೈಪೋಟಿಯುಂಟೆಂಬುದು ದಿಟವೇ ಸರಿ. ಅದು ನಮ್ಮ ಗಮನವನ್ನು ಮಾರುವ ಹಕ್ಕಿಗಾಗಿ ನಡೆಯುವ ಪೈಪೋಟಿ.

ಮೊದಲು ಈ ವ್ಯಾಪಾರದ ಸ್ವರೂಪವನ್ನು ನೋಡೋಣ. 1998ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಎಂಬಾತನು ‘ಗೋಟೂ’ ಎಂಬ ಶೋಧಯಂತ್ರವನ್ನು ತೆರೆದು, ಶಬ್ದಗಳನ್ನೇ ಹರಾಜಿಗಿಟ್ಟನು. ‘ವಿಮೆ’ ಎಂಬ ಶಬ್ದವನ್ನು ಯಾರು ಹುಡುಕಿದರೂ, ಹೆಚ್ಚು ಹಣ ಕೂಗಿದ ವ್ಯಾಪಾರಿಯ ಹೆಸರು ಮೊದಲು ಬರುವುದು. ಓದುಗನು ಅದನ್ನು ಒತ್ತಿದಾಗ ಮಾತ್ರ ಹಣ ಸಲ್ಲುವುದು. ಆತನಲ್ಲಿ ಒಂದು ಪ್ರಾಮಾಣಿಕತೆಯಿತ್ತೆನ್ನಬೇಕು: ಪ್ರತಿ ಹೆಸರಿನ ಪಕ್ಕದಲ್ಲಿಯೂ ಕೂಗಿದ ಬೆಲೆಯನ್ನು ಕಾಣಿಸುತ್ತಿದ್ದನು. ಅದೇ ವರ್ಷ ಗೂಗಲ್ಲಿನ ಸ್ಥಾಪಕರಾದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಇವರು ತಮ್ಮ ವಿದ್ವತ್ಪ್ರಬಂಧವೊಂದರಲ್ಲಿ, ಜಾಹೀರಾತಿನಿಂದ ಜೀವಿಸುವ ಶೋಧಯಂತ್ರವು ಸ್ವಭಾವತಃ ಜಾಹೀರಾತುದಾರನ ಕಡೆಗೆ ವಾಲುವುದೆಂದು ಬರೆದಿದ್ದರು. ಎರಡೇ ವರ್ಷ ಕಳೆಯಿತು. 2000ದಲ್ಲಿ ಅವರೂ ಜಾಹೀರಾತಿನ ಅಂಗಡಿ ತೆರೆದರು. 2002ರಲ್ಲಿ, ಒತ್ತಿದುದಕ್ಕೆ ಇಷ್ಟೆಂಬ ಹರಾಜಿನ ಪದ್ಧತಿಯನ್ನೇ ಅಂಗೀಕರಿಸಿದರು. ಬೆಲೆಯೊಡನೆ ಒತ್ತುವ ಸಂಭವವನ್ನೂ ಎಣಿಕೆಗೆ ತಂದುದು ಅವರ ವಿಶೇಷ. ಅಷ್ಟರಲ್ಲಿ ಓವರ್‌ಚರ್ ಎಂದು ಹೆಸರು ಬದಲಿಸಿಕೊಂಡಿದ್ದ ಗೋಟೂ, ತನ್ನ ಉಪಾಯವು ಅಪಹೃತವಾಯಿತೆಂದು ದಾವೆ ಹೂಡಿತು. ಆ ಕಂಪೆನಿಯನ್ನು 2003ರಲ್ಲಿ ಯಾಹೂ ಕೊಂಡಿತು. 2004ರಲ್ಲಿ ಗೂಗಲ್ 27 ಲಕ್ಷ ಷೇರುಗಳನ್ನು ತೆತ್ತು ವ್ಯಾಜ್ಯವನ್ನು ತೀರಿಸಿಕೊಂಡಿತು. ಗೂಗಲ್ಲಿನ ಒಡೆಯನಾದ ಆಲ್ಫಬೆಟ್ ಕಂಪೆನಿಯ 2024ರ ಆದಾಯ ಸುಮಾರು 35,000 ಕೋಟಿ ಡಾಲರು. ಅದರಲ್ಲಿ 26,000 ಕೋಟಿಗೂ ಮಿಕ್ಕದ್ದು ಜಾಹೀರಾತಿನಿಂದಲೇ ಬಂದುದು.

ಹಣ ಕೊಟ್ಟು ಮೇಲೇರಿದ ಸಾಲಿಗೆ ಈಗ ‘ಪ್ರಾಯೋಜಿತ’ವೆಂಬ ಚಿಕ್ಕ ಪಟ್ಟಿ ಹಚ್ಚುತ್ತಾರೆ. ವ್ಯಾಕರಣವನ್ನು ಓದಿದವನಿಗೆ ಈ ಪದದಲ್ಲಿ ಒಂದು ವಿನೋದ ಕಾಣುವುದು. ತಾನು ಮಾಡದೆ ಇತರರಿಂದ ಮಾಡಿಸುವವನು ಪ್ರಯೋಜಕಕರ್ತೃ; ಮಾಡುವವನು ಪ್ರಯೋಜ್ಯ. ಇಲ್ಲಿ ಪ್ರಯೋಜಕನು ವ್ಯಾಪಾರಿ. ಪ್ರಯೋಜ್ಯರು ಯಾರೆಂಬುದನ್ನು ವಾಚಕ ಮಹಾಶಯರೇ ಊಹಿಸಬಹುದು.

ಪೈಪೋಟಿಯು ಗುಣದಲ್ಲಿಯೇ ನಡೆಯುತ್ತಿದ್ದರೆ ಸುಮ್ಮನಿರಬಹುದಾಗಿತ್ತು. ಆದರೆ ಫೋನು, ಬ್ರೌಸರುಗಳಲ್ಲಿ ತನ್ನನ್ನೇ ಮೊದಲ ಶೋಧಯಂತ್ರವಾಗಿ ಇರಿಸಬೇಕೆಂದು ಗೂಗಲ್ 2021ರಲ್ಲಿ ಅನ್ಯ ಕಂಪೆನಿಗಳಿಗೆ ತೆತ್ತುದು 2,630 ಕೋಟಿ ಡಾಲರು. 2022ರಲ್ಲಿ ಆಪಲ್ ಕಂಪೆನಿಯೊಂದಕ್ಕೇ 2,000 ಕೋಟಿ. ಈ ಅಂಕಿಗಳು ಅಮೆರಿಕಾ ಸರ್ಕಾರವು ಹೂಡಿದ ಮೊಕದ್ದಮೆಯಲ್ಲಿ ಹೊರಬಿದ್ದವು. ಗೂಗಲ್ ಕಾನೂನಿಗೆ ವಿರುದ್ಧವಾಗಿ ಏಕಸ್ವಾಮ್ಯವನ್ನು ಕಾಪಾಡಿಕೊಂಡಿದೆಯೆಂದು ನ್ಯಾಯಾಧೀಶ ಅಮಿತ್ ಮೆಹ್ತಾ ಅವರು 2024ರ ಆಗಸ್ಟಿನಲ್ಲಿ ತೀರ್ಪಿತ್ತರು. ಊಟದ ರುಚಿಯನ್ನೇ ನಂಬಿದ ಹೋಟೆಲಿನವನು ಬಸ್ಸಿನ ಡ್ರೈವರನಿಗೆ ಕೈ ಬಿಸಿಮಾಡಿ ಬಸ್ಸನ್ನು ತನ್ನ ಬಾಗಿಲಲ್ಲಿ ನಿಲ್ಲಿಸಿಕೊಳ್ಳುವನೆ?

ಅನ್ಯರ ಪತ್ರಿಕೆಗಳ ಅಂತರ್ಜಾಲ ಪುಟಗಳಲ್ಲಿ ಬರುವ ಜಾಹೀರಾತಿನ ಕಥೆ ಇದಕ್ಕಿಂತಲೂ ವಿಚಿತ್ರ. ಓದುಗನು ಪುಟವನ್ನು ತೆರೆದೊಡನೆ, ಅದು ಕಣ್ಣಿಗೆ ಬೀಳುವ ಮುನ್ನವೇ, ಅವನ ಗಮನವು ಹರಾಜಾಗಿ ಹೋಗಿರುವುದು. ನಮ್ಮ ಅಡಿಕೆಯ ಮಂಡಿಯಲ್ಲಿ ಬೆಳೆಗಾರನ ದಲ್ಲಾಳಿ, ಕೊಳ್ಳುವವನ ದಲ್ಲಾಳಿ, ಹರಾಜು ಕಟ್ಟೆಯ ಒಡೆಯ ಈ ಮೂವರೂ ಒಬ್ಬನೇ ಆದರೆ ಬೆಳೆಗಾರನ ಗತಿಯೇನು? 310 ಕೋಟಿ ಡಾಲರಿಗೆ ಡಬಲ್‌ಕ್ಲಿಕ್ ಕಂಪೆನಿಯನ್ನು 2008ರಲ್ಲಿ ವಶಪಡಿಸಿಕೊಂಡ ತರುವಾಯ ಗೂಗಲ್ ಈ ಮೂರು ವೇಷಗಳನ್ನೂ ಧರಿಸಿತು. ಪತ್ರಿಕೆಯವರ ಪಕ್ಷದ ಸಾಧನದಲ್ಲಿಯೂ ಹರಾಜು ಕಟ್ಟೆಯಲ್ಲಿಯೂ ಅಕ್ರಮ ಏಕಸ್ವಾಮ್ಯ ನಡೆದಿದೆಯೆಂದು ವರ್ಜೀನಿಯಾದ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ ಅವರು 2025ರ ಏಪ್ರಿಲಿನಲ್ಲಿ ನಿರ್ಣಯಿಸಿದರು. ಜಾಹೀರಾತುದಾರರ ಪಕ್ಷದ ಆರೋಪವು ಮಾತ್ರ ಸಿದ್ಧವಾಗಲಿಲ್ಲ. ನಮ್ಮ ದೇಶದ ಸ್ಪರ್ಧಾ ಆಯೋಗವು ಶೋಧದಲ್ಲಿನ ಪಕ್ಷಪಾತಕ್ಕಾಗಿ 2018ರಲ್ಲಿ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ಸುದ್ದಿಪತ್ರಿಕೆಗಳ ದೂರಿನ ಮೇಲೆ 2022ರಲ್ಲಿ ತನಿಖೆಗೂ ಆಜ್ಞಾಪಿಸಿತು. ಇತ್ತ, ವಿದೇಶೀ ಕಂಪೆನಿಗಳಿಗೆ ಸಲ್ಲುವ ಅಂತರ್ಜಾಲ ಜಾಹೀರಾತಿನ ಹಣದ ಮೇಲೆ 2016ರಿಂದ ಇದ್ದ ಶೇಕಡ 6ರ ಕರವನ್ನು 2025ರ ಏಪ್ರಿಲ್ 1ರಿಂದ ತೆಗೆದುಹಾಕಲಾಯಿತು. ಯಾರ ಹಿತಕ್ಕಾಗಿಯೋ!

ಇಲ್ಲಿ ಪೂರ್ವಪಕ್ಷಿಯು ಏಳುವನು. “ವೃತ್ತಪತ್ರಿಕೆಗಳೂ ಜಾಹೀರಾತಿನಿಂದಲೇ ಬದುಕಲಿಲ್ಲವೆ? ಈ ಮಾಸಪತ್ರಿಕೆಯ ರಕ್ಷಾಪುಟದಲ್ಲಿ ಜವಳಿ ಅಂಗಡಿಯ ಹೆಸರಿಲ್ಲವೆ?” ಉಂಟು. ಆದರೆ ಓದುಗನ ಮಗಳ ಮದುವೆ ನಿಶ್ಚಯವಾದ ಸಂಗತಿಯನ್ನು ಪತ್ರಿಕೆಯು ಆ ಜವಳಿ ಅಂಗಡಿಗೆ ಮಾರುವುದಿಲ್ಲ. ಆ ಪುಟವನ್ನು ಎಲ್ಲರೂ ನೋಡುವರು. ಅದರಲ್ಲಿ ಸುಳ್ಳಿದ್ದರೆ ನಾಲ್ವರು ಕೂಡಿ ಹಿಡಿಯುವರು. ಅಂತರ್ಜಾಲದಲ್ಲಾದರೋ ರೋಗಿಗೆ ಒಂದು ಪುಟ, ಸಾಲದಲ್ಲಿ ಮುಳುಗಿದವನಿಗೆ ಇನ್ನೊಂದು, ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ ಮತ್ತೊಂದು. ಒಬ್ಬನು ನೋಡಿದುದನ್ನು ಪಕ್ಕದ ಮನೆಯವನು ಕಾಣನು. ದುರ್ಬಲನಾದ ಗಳಿಗೆಯಲ್ಲಿಯೇ ಮನುಷ್ಯನಿಗೆ ಬೆಲೆ ಏರುವ ಈ ಪೇಟೆಯನ್ನು ಜವಳಿ ಅಂಗಡಿಯ ಜಾಹೀರಾತಿಗೆ ಹೋಲಿಸುವುದು ಉಪಮಾನದೋಷ.

ಅವನ ಎರಡನೆಯ ಮಾತು: “ಜನರು ಒಪ್ಪಿಯೇ ಕೊಟ್ಟಿದ್ದಾರೆ.” ಅನ್ಯ ಕಂಪೆನಿಗಳು ತಮ್ಮನ್ನು ಹಿಂಬಾಲಿಸಬಹುದೆ ಎಂದು ಜನರನ್ನು ಕೇಳುವ ಏರ್ಪಾಡನ್ನು ಆಪಲ್ 2021ರಲ್ಲಿ ತನ್ನ ಫೋನುಗಳಲ್ಲಿ ಮಾಡಿತು. (ಆಪಲ್ಲಿಗೂ ಜಾಹೀರಾತಿನ ವ್ಯಾಪಾರವಿದೆ, ಅದೇನೂ ಋಷ್ಯಾಶ್ರಮವಲ್ಲ.) ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರು ನಷ್ಟವಾಗಬಹುದೆಂದು ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಕಂಪೆನಿಯವರೇ ಹೇಳಿಕೊಂಡರು. ಕೇಳಿದ ಮಾತ್ರಕ್ಕೆ ಇಷ್ಟು ನಷ್ಟವಾಗುವುದಾದರೆ, ಕೇಳದೆ ತೆಗೆದುಕೊಳ್ಳುತ್ತಿದ್ದಾಗ ಒಪ್ಪಿಗೆಯೆಲ್ಲಿತ್ತು?

ನಾವು ಬೇಡುವುದು ಹೆಚ್ಚೇನೂ ಅಲ್ಲ. ಗೋಟೂ ಮಾಡಿದಂತೆ ಕೂಗಿದ ಬೆಲೆಯನ್ನು ಹೆಸರಿನ ಪಕ್ಕದಲ್ಲಿ ಬರೆಯಲಿ. ಕಟ್ಟೆಯ ಒಡೆಯನು ದಲ್ಲಾಳಿಯಾಗಬಾರದೆಂದು ಕಾನೂನಾಗಲಿ. ಅದಾಗುವವರೆಗೆ ಗೃಹಸ್ಥರು ತಮ್ಮ ಫೋನಿನಲ್ಲಿ ವೈಯಕ್ತಿಕ ಜಾಹೀರಾತುಗಳನ್ನು ನಿಲ್ಲಿಸುವ ಏರ್ಪಾಡನ್ನು ಹುಡುಕಿ ನಿಲ್ಲಿಸಲಿ. ಅದನ್ನು ಸುಲಭವಾಗಿ ಸಿಕ್ಕದಂತೆ ಇಟ್ಟಿರುವರು. ನಮ್ಮಂಥ ವೃದ್ಧರು ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಲೇಸು.