ಗಟ್ಟಿ ಕುರ್ಚಿ, ಅಲುಗಿದ ಸರ್ಕಾರ

ಮಠದ ಗೋಷ್ಠಿ ಮುಗಿದು ಪ್ರಸಾದಕ್ಕೆ ಕೂತಾಗ ಹಿರಿಯ ಶರಣರೊಬ್ಬರು, ‘ಇಂಜಿನಿಯರ್ ಸಾಹೇಬ್ರ, ಈ ಶಾಸಕರ ಖರೀದಿ, ರೆಸಾರ್ಟ್ ವಾಸ ನೋಡಿ ಸಾಕಾಗೇತ್ರಿ. ಒಬ್ಬ ಅಧ್ಯಕ್ಷನ್ನ ಆರಿಸಿ ಐದು ವರ್ಷ ಬಿಟ್ಟರ ಸರ್ಕಾರ ಗಟ್ಟಿ ಇರ್ತದಲ್ರೀ’ ಅಂದರು. ಬೇಸರ ನನಗೂ ಇದೆ. ಆದರೆ ಉತ್ತರಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ, ಪಕ್ಕದ ಶ್ರೀಲಂಕಾ ಸಾಕು.

ಅಲ್ಲಿ ಜೆ.ಆರ್. ಜಯವರ್ಧನೆ 1978ರ ಸಂವಿಧಾನದಿಂದ ಕಾರ್ಯಾಂಗದ ಅಧಿಕಾರವನ್ನು ಅಧ್ಯಕ್ಷನ ಕೈಗೆ ತಂದರು. ಪ್ರಧಾನಿಯೂ ಉಳಿದ, ಸಂಸತ್ತೂ ಉಳಿಯಿತು. ಹೇಳಿದ ಕಾರಣ ಸ್ಥಿರತೆ.

2015ರ 19ನೇ ತಿದ್ದುಪಡಿ ಅಧ್ಯಕ್ಷನಿಗೆ ಲಗಾಮು ಹಾಕಿತು. ಸಂಸತ್ತಿನ ಮೂರನೇ ಎರಡರಷ್ಟು ಸದಸ್ಯರೇ ಕೇಳದ ಹೊರತು, ನಾಲ್ಕೂವರೆ ವರ್ಷ ಅದನ್ನು ವಿಸರ್ಜಿಸುವಂತಿಲ್ಲ ಎಂದಿತು. ಆದರೂ 2018ರ ಅಕ್ಟೋಬರ್ 26ರಂದು ಮೈತ್ರಿಪಾಲ ಸಿರಿಸೇನ ಅವರು ಪ್ರಧಾನಿ ರನಿಲ್ ವಿಕ್ರಮಸಿಂಘೆಯವರನ್ನು ತೆಗೆದು ಮಹಿಂದ ರಾಜಪಕ್ಸೆಯವರನ್ನು ಕೂರಿಸಿದರು. ಬಹುಮತ ಕೂಡಲಿಲ್ಲ. ಸಂಸತ್ತನ್ನೇ ವಿಸರ್ಜಿಸಿದರು. ಒಂದು ದೇಶ, ಇಬ್ಬರು ಪ್ರಧಾನಿ! ಸದನದಲ್ಲಿ ಖಾರದ ಪುಡಿ ಎರಚಿದರು. ಡಿಸೆಂಬರ್ 13ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ವಿಸರ್ಜನೆ ಸಂವಿಧಾನಬಾಹಿರ ಎಂದ ಮೇಲೆ ರನಿಲ್ ಮರಳಿದರು. ನಮ್ಮ ರೆಸಾರ್ಟ್ ರಾಜಕಾರಣ ಇದಕ್ಕಿಂತ ಕೆಟ್ಟದ್ದೇ?

ಆಮೇಲೆ ಬಂದವರು ಗೋಟಬಯ ರಾಜಪಕ್ಸೆ. 225 ಸ್ಥಾನಗಳಲ್ಲಿ 145 ಅವರ ಪಕ್ಷದ್ದೇ. 2020ರಲ್ಲಿ 20ನೇ ತಿದ್ದುಪಡಿ ತಂದು ಲಗಾಮು ಬಿಚ್ಚಿಕೊಂಡರು. ಇದಕ್ಕಿಂತ ಗಟ್ಟಿ ಸರ್ಕಾರ ಎಲ್ಲಿ ಸಿಕ್ಕೀತು? 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದರು. ಬೇಡವೆಂದು ಕೈ ಹಿಡಿಯುವವರು ಇರಲಿಲ್ಲ. ಭತ್ತದ ಇಳುವರಿ ಕುಸಿದು, ರೈತರು ಬೀದಿಗಿಳಿದು, ಕೆಲವೇ ತಿಂಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ವಿದೇಶಿ ವಿನಿಮಯವೂ ಬರಿದಾಯಿತು. 2022ರ ಜುಲೈನಲ್ಲಿ ಅಧ್ಯಕ್ಷರು ದೇಶ ಬಿಟ್ಟು ಓಡಿ, ಹೊರಗಿನಿಂದಲೇ ರಾಜೀನಾಮೆ ಕಳಿಸಿದರು. ನಮ್ಮಲ್ಲಾದರೆ ಒಂದು ಅವಿಶ್ವಾಸ ಮತ ಸಾಕು. ಅಲ್ಲಿ ಜನ ಅಧ್ಯಕ್ಷರ ಭವನಕ್ಕೇ ನುಗ್ಗಬೇಕಾಯಿತು.

ಸೇತುವೆಯಲ್ಲಿ ನಾವು ಎಕ್ಸ್‌ಪ್ಯಾನ್ಶನ್ ಜಾಯಿಂಟ್ ಬಿಡುತ್ತೇವೆ. ಗಟ್ಟಿ ಇರಲೆಂದು ಅದನ್ನು ತುಂಬಿದರೆ ಬಿಸಿಲಿಗೆ ಕಾಂಕ್ರೀಟೇ ಬಿರಿಯುತ್ತದೆ. ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಇದನ್ನೇ ತೂಗಿ ನೋಡಿದ್ದರು. ಸ್ಥಿರತೆಗಿಂತ ಹೊಣೆಗಾರಿಕೆ ಹೆಚ್ಚಿರಲಿ ಎಂದು ಕರಡು ಸಂವಿಧಾನ ಆರಿಸಿಕೊಂಡಿದೆ ಎಂದು ಬಿಡಿಸಿ ಹೇಳಿದರು.

ಲಂಕೆಯಲ್ಲಿ ಈ ಹುದ್ದೆ ರದ್ದು ಮಾಡುವೆನೆಂದು 1994ರಲ್ಲಿ ಚಂದ್ರಿಕಾ ಕುಮಾರತುಂಗ ಹೇಳಿದ್ದರು, 2015ರಲ್ಲಿ ಸಿರಿಸೇನರೂ ಹೇಳಿದರು. ಕೂತ ಮೇಲೆ ಯಾರೂ ಏಳಲಿಲ್ಲ. 2024ರಲ್ಲಿ ಅದೇ ಮಾತು ಕೊಟ್ಟ ಅನುರ ಕುಮಾರ ದಿಸಾನಾಯಕೆಯವರ ಕೂಟಕ್ಕೆ ಜನ 225ರಲ್ಲಿ 159 ಸ್ಥಾನ ಕೊಟ್ಟಿದ್ದಾರೆ. ಮೂರನೇ ಎರಡರಷ್ಟು ಬಲ ಇಲ್ಲವೆಂಬ ನೆಪ ಅವರಿಗಿಲ್ಲ.